ಮಗನ ಮನೆಗೆ ಹತ್ತಿರ, ಅಮ್ಮನಿಗೆ ದೂರ

ಗುಬ್ಬಿ, ಕುಣಿಗಲ್, ತುಮಕೂರಿನಿಂದ ಅಮೆರಿಕಕ್ಕೆ ಹೊರಡುವ ಹಿರಿಯರಿಗೆ ನಯಾಗರ ನೋಡುವುದು ಆಮೇಲಿನ ಮಾತು. ಮಗಳ ಬಾಣಂತನ, ಸೊಸೆ ಕೆಲಸಕ್ಕೆ ಹೋದಾಗ ಮೊಮ್ಮಗುವಿನ ಆರೈಕೆ, ಹೊರಡುವುದು ಇದಕ್ಕೆ. ಟಿಕೆಟ್ ತೆಗೆಸುವವರು ಅಲ್ಲಿರುವ ಮಕ್ಕಳು. ಮ್ಯಾಪ್ ತೆರೆದು, ತಮ್ಮ ಮನೆಗೆ ಅರ್ಧ ಗಂಟೆ ದಾರಿಯ ವಿಮಾನ ನಿಲ್ದಾಣವನ್ನೇ ಆರಿಸುತ್ತಾರೆ. ಅವರಿಗೆ ಅರ್ಧ ದಿನದ ರಜೆ ಉಳಿಯುತ್ತದೆ, ಪಾಡೆಲ್ಲ ಅಪ್ಪ-ಅಮ್ಮನದು.

ಅಮೆರಿಕದಲ್ಲಿ ವಿಮಾನ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಯಬೇಕು. ಬೆಂಗಳೂರಿನಲ್ಲಿ ಬ್ಯಾಗಿಗೆ ಕೊನೆಯ ಊರಿನ ಚೀಟಿ ಅಂಟಿಸಿದ್ದರೂ ಅಲ್ಲಿ ಬೆಲ್ಟಿನಿಂದ ಅದನ್ನು ಎಳೆದುಕೊಂಡು, ಕಸ್ಟಮ್ಸ್ ದಾಟಿಸಿ, ಮತ್ತೆ ವಿಮಾನದವರಿಗೆ ಒಪ್ಪಿಸಬೇಕು. ಆಮೇಲೆ ಇನ್ನೊಮ್ಮೆ ಸೆಕ್ಯುರಿಟಿ, ಕೆಲವೆಡೆ ಇನ್ನೊಂದು ಟರ್ಮಿನಲ್‌ಗೆ ರೈಲು. ಇಬ್ಬರದೂ ಸೇರಿ ತಲಾ 23 ಕಿಲೋದ ನಾಲ್ಕು ಪೆಟ್ಟಿಗೆ. ಎಷ್ಟು ದಿನ ಇರುತ್ತೀರಿ, ಯಾರ ಮನೆಯಲ್ಲಿ ಎಂದು ಅಧಿಕಾರಿ ಕೇಳಿದ್ದಕ್ಕೆ ಗೊತ್ತಿದ್ದಷ್ಟು ಇಂಗ್ಲಿಷಿನಲ್ಲಿ ಉತ್ತರ ಹೇಳಿ ಹೊರಬರುವಷ್ಟರಲ್ಲಿ ಮುಂದಿನ ವಿಮಾನದ ಹೊತ್ತಾಗಿರುತ್ತದೆ.

ಹಾಗಾಗಿ ಮಗ ಸ್ಯಾಕ್ರಮೆಂಟೊದಲ್ಲಿದ್ದರೆ ಅಲ್ಲಿಯವರೆಗೂ ಟಿಕೆಟ್ ಬೇಡ. ದುಬೈನಲ್ಲಿ ಬದಲಾಯಿಸಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿಸಿ, ಅವನೇ ಸುಮಾರು 150 ಕಿ.ಮೀ. ಕಾರು ಓಡಿಸಿಕೊಂಡು ಬರಲಿ. ನ್ಯೂಜೆರ್ಸಿಯ ಎಡಿಸನ್‌ನವರಿಗೆ ನೆವಾರ್ಕ್ ಹತ್ತಿರ, ನಿಜ. ಆದರೆ ನೆವಾರ್ಕ್ ತಲುಪಲು ಅಮೆರಿಕದ ಇನ್ನೊಂದು ಊರಿನಲ್ಲಿ ವಿಮಾನ ಬದಲಿಸಬೇಕೆಂದರೆ ನ್ಯೂಯಾರ್ಕಿನ ಜೆಎಫ್‌ಕೆಯೇ ವಾಸಿ. ಟೋಲ್, ಟ್ರಾಫಿಕ್ ಎಂದು ಮಗ ಗೊಣಗಿದರೆ ಗೊಣಗಲಿ. ಅಬುಧಾಬಿಯ ಮೂಲಕ ಹೋಗುವವರಿಗೆ ಇನ್ನೊಂದು ಅನುಕೂಲವಿದೆ: 2014ರ ಜನವರಿಯಿಂದ ಅಮೆರಿಕದ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಅಲ್ಲಿಯೇ ಮುಗಿಯುತ್ತವೆ. ಆಚೆ ಇಳಿದಾಗ ಒಳನಾಡಿನ ಪ್ರಯಾಣಿಕರಂತೆ ನಡೆದು ಹೋಗಬಹುದು.

ಕಾಲು ಗಟ್ಟಿಯಿದ್ದರೂ ದಾರಿ ತೋರಿಸಲೆಂದು ವೀಲ್‌ಚೇರ್ ಬುಕ್ ಮಾಡಿಸುವ ಅಭ್ಯಾಸವನ್ನು ಆಡಿಕೊಳ್ಳುವವರಿದ್ದಾರೆ. ಇಳಿಯುವ ನಿಲ್ದಾಣವನ್ನು ಸರಿಯಾಗಿ ಆರಿಸಿದ್ದರೆ ಎಷ್ಟೋ ಮಂದಿಗೆ ಅದು ಬೇಕಾಗುತ್ತಲೇ ಇರಲಿಲ್ಲ.

ಪೆಟ್ಟಿಗೆಯ ವಿಷಯ ಬಂದಾಗ ನಮ್ಮ ಜಿಲ್ಲೆಯವರಿಗೆಂದೇ ಒಂದು ಮಾತು. ತಿಪಟೂರಿನ ಉಂಡೆ ಕೊಬ್ಬರಿಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಎಣ್ಣೆಯಂಶ ಹೆಚ್ಚಿರುವುದರಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕಿನ ಪಟ್ಟಿಯಲ್ಲಿದೆ ಅದು. ಬಟ್ಟೆಯ ಮಡಿಕೆಯೊಳಗೆ ಬಚ್ಚಿಟ್ಟರೂ ಸ್ಕ್ಯಾನರಿನಲ್ಲಿ ದುಂಡಗೆ ಕಾಣುತ್ತದೆ. ಅಮೆರಿಕದ ಕಸ್ಟಮ್ಸ್‌ನವರು ಕರಿಬೇವಿನ ಸೊಪ್ಪನ್ನೂ ಬಿಡುವುದಿಲ್ಲ. ನಿಂಬೆ, ಕಿತ್ತಳೆ ತೋಟಗಳಿಗೆ ರೋಗ ತಗುಲೀತೆಂಬ ಭಯ. ಒಣಗಿಸಿ ಚಟ್ನಿಪುಡಿ ಮಾಡಿಕೊಂಡು ಹೋಗುವುದು ಜಾಣತನ.

ಈ ತುದಿಯಲ್ಲಿ ಆರಿಸಲು ನಿಲ್ದಾಣಗಳಿಲ್ಲ, 2008ರ ಮೇ ತಿಂಗಳಲ್ಲಿ ಶುರುವಾದ ದೇವನಹಳ್ಳಿಯದೊಂದೇ. ಆರಿಸಬಹುದಾದದ್ದು ದಾರಿಯನ್ನು. ಗುಬ್ಬಿ, ತುಮಕೂರಿನವರು ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಹೋದರೆ ಬೆಂಗಳೂರಿನೊಳಗೆ ಕಾಲಿಡಬೇಕಾಗಿಲ್ಲ. ಕುಣಿಗಲ್‌ನವರು ನೆಲಮಂಗಲಕ್ಕೆ ಬಂದು ದೊಡ್ಡಬಳ್ಳಾಪುರದ ರಸ್ತೆ ಹಿಡಿಯಬಹುದು. ಗೊರಗುಂಟೆಪಾಳ್ಯ ಖಾಲಿ ಇರುತ್ತೆ ಸಾರ್ ಎನ್ನುವ ಡ್ರೈವರ್ ಮಾತು ಮಧ್ಯರಾತ್ರಿ ಹೊರಡುವಾಗ ಸರಿ. ಬೆಳಿಗ್ಗೆ ಎಂಟಕ್ಕೆ ಇಳಿದು ಊರಿಗೆ ಬರುವಾಗ ಅವನನ್ನು ನಂಬಬೇಡಿ.