ಸುರಪುರದ ಗುಡ್ಡದ ಮೇಲೆ ಮನೆ ಕಟ್ಟಿದವನು

ನಾನು ಬೈಲಹೊಂಗಲದ ಗೌಂಡಿಯ ಮಗ. ಕಿತ್ತೂರಿನ ರಾಣಿ ಚೆನ್ನಮ್ಮ ಸೆರೆಯಲ್ಲಿ ಕಣ್ಣುಮುಚ್ಚಿದ ಊರಿದು. ಕಿತ್ತೂರಿನಲ್ಲಿ ಆಕೆಯ ಪಾಳುಬಿದ್ದ ಅರಮನೆಯ ಗೋಡೆ ಮುಟ್ಟಿದಾಗಲೆಲ್ಲ ಅಪ್ಪ ಹೇಳುತ್ತಿದ್ದ, “ಕೆಡವೋದು ಒಂದು ದಿನದ್ದು, ಕಟ್ಟೋದು ಜನ್ಮದ್ದು.”

ಆ ಮಾತು ನೆನಪಾದದ್ದು ಸುರಪುರದ ಗುಡ್ಡದ ಮೇಲೆ, ಟೇಲರ್ ಮಂಜಿಲ್ ಎಂಬ ಹಳೆಯ ಮನೆಯ ಮುಂದೆ. ಕಿತ್ತೂರಿನಲ್ಲಿ ಬ್ರಿಟಿಷರೊಡನೆ ಚೆನ್ನಮ್ಮನ ಯುದ್ಧ ನಡೆದ 1824ರಲ್ಲೇ ಫಿಲಿಪ್ ಮೆಡೋಸ್ ಟೇಲರ್ ಎಂಬ ಹುಡುಗ ಮುಂಬಯಿಗೆ ಬಂದಿಳಿದ. ಆಗ ಅವನಿಗೆ 16 ತುಂಬಿರಲಿಲ್ಲ. ಮುಂದೆ ನಿಜಾಮನ ಸೈನ್ಯ ಸೇರಿದ. ಕಾಲೇಜಿನ ಮೆಟ್ಟಿಲು ಹತ್ತದೆ, ಭೂಮಾಪನವನ್ನೂ ಕಟ್ಟಡದ ಕೆಲಸವನ್ನೂ ತಾನೇ ಕಲಿತ. 1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಲು ಬಂದವನು 1853ರವರೆಗೆ ಅಲ್ಲಿದ್ದ. 1844ರಲ್ಲಿ ಬಂಡೆಗಳ ನಡುವೆ ಈ ಮನೆ ಎಬ್ಬಿಸಿದ. ಬಾಲರಾಜ ವೆಂಕಟಪ್ಪ ನಾಯಕ ಅವನನ್ನು “ಅಪ್ಪಾ” ಎಂದೇ ಕರೆಯುತ್ತಿದ್ದ. ಅದೇ ರಾಜ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ ಪ್ರಾಣ ಬಿಟ್ಟ. ಚೆನ್ನಮ್ಮನ ನಾಡಿನವನಾದ ನನಗೆ ಇದು ಎದೆ ಕಲಕುವ ಸಂಗತಿ.

ಟೇಲರ್ ನಮ್ಮ ಹಳೆಯ ಕಲ್ಲುಗಳನ್ನೂ ಓದಿದ. ಜೇವರ್ಗಿ ಬಳಿಯ ಬೃಹತ್ ಶಿಲಾಸಮಾಧಿಗಳನ್ನು ಅಗೆದು, ಬರೆದಿಟ್ಟ. 1866ರಲ್ಲಿ ಧಾರವಾಡ, ಮೈಸೂರು ಸೀಮೆಯ ಗುಡಿಗಳ ಛಾಯಾಚಿತ್ರಗಳ ದೊಡ್ಡ ಗ್ರಂಥ ಬಂದಾಗ ಇತಿಹಾಸದ ಭಾಗವನ್ನು ಬರೆದವನು ಅವನೇ. ವಾಸ್ತುವಿನ ಟಿಪ್ಪಣಿ ಜೇಮ್ಸ್ ಫರ್ಗ್ಯುಸನ್ನನದು.

ಆಳಲು ಬಂದವನ ಮನೆ ಗಟ್ಟಿಯಾಗಿ ನಿಂತಿದೆ. ನಮ್ಮ ರಾಣಿಯ ಅರಮನೆ ನೆಲಕಚ್ಚಿದೆ. ಎರಡರ ಕಲ್ಲನ್ನೂ ಕೆತ್ತಿದ ಕೈಗಳು ನಮ್ಮವೇ. ಆ ಹೆಸರಿಲ್ಲದ ಗೌಂಡಿಗಳಿಗೆ ನಾನು ಕೈ ಮುಗಿಯುತ್ತೇನೆ.