ಪರೀಕ್ಷಕನಿಗೂ ಪರೀಕ್ಷೆ

ಶಂಕರಪುರ, ಬಸವನಗುಡಿಗಳ ಕಡೆ ಪರೀಕ್ಷೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಶಾಲಾಕಾಲೇಜುಗಳತ್ತ ಓಡುತ್ತದೆ. ಪದವಿ ಕೈಗೆ ಬಂದಮೇಲೆ ಪರೀಕ್ಷೆಗಳ ಕಾಟ ತಪ್ಪಿತೆಂದು ನಾವು ಹಿಗ್ಗುವುದೂ ಉಂಟು. ಆದರೆ ಉದ್ಯೋಗವಿರುವವರೆಗೂ ಪರೀಕ್ಷೆಗೆ ಕುಳಿತುಕೊಳ್ಳಬೇಕಾದ ಒಂದು ವರ್ಗವಿದೆ. ಪ್ರಯಾಣಿಕರನ್ನು ಕೊಂಡೊಯ್ಯುವ ದೊಡ್ಡ ವಿಮಾನಗಳ ಚಾಲಕರೇ ಆ ವರ್ಗದವರು. ಅಂತರರಾಷ್ಟ್ರೀಯ ನಿಯಮದ ಮೇರೆಗೆ ಅವರು ವರ್ಷಕ್ಕೆ ಎರಡು ಸಲ ತಮ್ಮ ಸಾಮರ್ಥ್ಯವನ್ನು ತೋರಿಸಿಕೊಡತಕ್ಕದ್ದು. ಈ ಪರೀಕ್ಷೆಯನ್ನು ನಡೆಸುವವನೂ ಒಬ್ಬ ಚಾಲಕನೇ. ಚೆಕ್ ಪೈಲಟ್ ಎಂದು ಹೆಸರಾದ ಈ ಪರೀಕ್ಷಕನಿಗೆ ಇರಬೇಕಾದ ಯೋಗ್ಯತೆ ಯಾವುದು, ಅವನನ್ನು ಆರಿಸುವ ಕ್ರಮ ಹೇಗೆ ಎಂಬುದನ್ನು ಈಗ ವಿಚಾರಮಾಡೋಣ.

ಈ ಸ್ಥಾನಕ್ಕೆ ಏರುವ ಮೆಟ್ಟಿಲುಗಳು ಹಲವು. ನಮ್ಮ ದೇಶದಲ್ಲಿ 18 ವರ್ಷ ತುಂಬಿದವನು 200 ಗಂಟೆಗಳ ಹಾರಾಟವನ್ನು ಮುಗಿಸಿ, ಲಿಖಿತ ಪರೀಕ್ಷೆಗಳಲ್ಲಿಯೂ ವೈದ್ಯಪರೀಕ್ಷೆಯಲ್ಲಿಯೂ ತೇರ್ಗಡೆಯಾದರೆ ವಾಣಿಜ್ಯ ಚಾಲಕನ ಪರವಾನಗಿಯನ್ನು ಪಡೆಯಬಹುದು. ಬಳಿಕ ದೊಡ್ಡ ವಿಮಾನದ ಬಲಗಡೆಯ ಆಸನದಲ್ಲಿ ಸಹಚಾಲಕನಾಗಿ ಅನುಭವ ಪಡೆಯಬೇಕು. 21 ವರ್ಷವಾಗಿ, 1500 ಗಂಟೆಗಳ ಹಾರಾಟ ಪೂರೈಸಿದವನಿಗೆ ಮೇಲ್ದರ್ಜೆಯ ಪರವಾನಗಿಗೆ ಅರ್ಹತೆ ಬರುತ್ತದೆ. ಅದಾದ ಮೇಲೆಯೇ ಎಡಗಡೆಯ ಆಸನ, ಎಂದರೆ ಕ್ಯಾಪ್ಟನ್ ಪದವಿ. ಇಂಥ ಕ್ಯಾಪ್ಟನ್ನರಲ್ಲಿ ಅನುಭವಶಾಲಿಗಳಾದವರನ್ನು ಮಾತ್ರ ಪರೀಕ್ಷಕ ಹುದ್ದೆಗೆ ಪರಿಗಣಿಸುತ್ತಾರೆ.

ವಿಮಾನ ಸಂಸ್ಥೆ ಹೆಸರನ್ನು ಸೂಚಿಸುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಅದನ್ನು ಒಪ್ಪಬೇಕು. ಅಭ್ಯರ್ಥಿಯ ಹಿಂದಿನ ದಾಖಲೆ ಶುದ್ಧವಾಗಿರಬೇಕು. ಅನಂತರ ಅವನು ಬಲಗಡೆಯ ಆಸನದಿಂದ ವಿಮಾನ ನಡೆಸುವುದನ್ನು ಮತ್ತೆ ಅಭ್ಯಾಸಮಾಡಬೇಕು. ಎಡಗಡೆ ಕುಳಿತವನ ಬಲಗೈ ಇಂಜಿನಿನ ಹಿಡಿಗಳ ಮೇಲಿರುತ್ತದೆ. ಬಲಗಡೆ ಕುಳಿತೊಡನೆ ಆ ಕೆಲಸ ಎಡಗೈಗೆ ಬೀಳುತ್ತದೆ. ವರ್ಷಗಳ ಕೈರೂಢಿಯನ್ನು ಹೀಗೆ ತಿರುಗುಮುರುಗು ಮಾಡಿಕೊಳ್ಳುವುದು ಸುಲಭವಲ್ಲ. ಇದಾದ ಮೇಲೆ, ಹಿರಿಯ ಪರೀಕ್ಷಕನೊಬ್ಬನು ನೋಡುತ್ತಿರುವಂತೆಯೇ ತಾನು ಇನ್ನೊಬ್ಬನನ್ನು ಪರೀಕ್ಷಿಸಿ ತೋರಿಸಬೇಕು. ಪರೀಕ್ಷಕನಾದವನಿಗೂ ಬಿಡುವಿಲ್ಲ. ಅಮೆರಿಕದ ನಿಯಮದಂತೆ, ಅವನು ಪರೀಕ್ಷೆ ನಡೆಸುವ ರೀತಿಯನ್ನು ಸರ್ಕಾರದ ತನಿಖಾಧಿಕಾರಿಯೋ ಅಧಿಕೃತ ಪರೀಕ್ಷಕನೋ 24 ತಿಂಗಳಿಗೊಮ್ಮೆ ಕಣ್ಣಾರೆ ನೋಡಿ ಒಪ್ಪತಕ್ಕದ್ದು. ನಮ್ಮಲ್ಲಿ ಹಿಂದೆ ಚೆಕ್ ಪೈಲಟ್ ಎಂದಿದ್ದ ಹೆಸರಿನ ಬದಲು ಈಗ ಲೈನ್ ಟ್ರೈನಿಂಗ್ ಕ್ಯಾಪ್ಟನ್ ಎಂಬ ಹೆಸರು ರೂಢಿಯಲ್ಲಿದೆ; ಅದರ ಮೇಲೆ ಶಿಕ್ಷಕನ ದರ್ಜೆ, ಅದಕ್ಕೂ ಮೇಲೆ ಪರೀಕ್ಷಕನ ದರ್ಜೆ.

ಇಷ್ಟು ಕಟ್ಟುನಿಟ್ಟು ಏತಕ್ಕೆ ಎಂದು ಕೇಳಬಹುದು. ಅದಕ್ಕೆ ಉತ್ತರವನ್ನು ನಮ್ಮ ಬೆಂಗಳೂರೇ ಕಂಡಿದೆ. 1990ನೆಯ ಇಸವಿ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ320 ವಿಮಾನವು ಎಚ್.ಎ.ಎಲ್. ನಿಲ್ದಾಣವನ್ನು ಮುಟ್ಟುವ ಮುನ್ನವೇ ಗಾಲ್ಫ್ ಮೈದಾನಕ್ಕೆ ಬಡಿದು ಉರಿದುಹೋಯಿತು. ಅದರಲ್ಲಿದ್ದ 146 ಜನರ ಪೈಕಿ 92 ಮಂದಿ ಪ್ರಾಣ ಬಿಟ್ಟರು. ಎಡಗಡೆ ಕುಳಿತಿದ್ದವರು ಆ ಹೊಸ ಮಾದರಿಯ ವಿಮಾನದ ಕ್ಯಾಪ್ಟನ್ ಪದವಿಗಾಗಿ ಪರೀಕ್ಷೆಗೆ ಒಳಗಾಗಿದ್ದವರು. ಬಲಗಡೆ ಇದ್ದವರು ಅವರ ಪರೀಕ್ಷಕರು. ಇಬ್ಬರೂ ಸಾವಿರಾರು ಗಂಟೆ ಹಾರಿದ ನುರಿತ ಚಾಲಕರೇ. ಆದರೆ ಆ ಮಾದರಿಯಲ್ಲಿ ಇಬ್ಬರ ಅನುಭವವೂ ಅಲ್ಪ. ಇಳಿಯುವಾಗ ಇಂಜಿನುಗಳು ಕನಿಷ್ಠ ಶಕ್ತಿಯಲ್ಲಿಯೇ ನಡೆಯುವ ಕ್ರಮದಲ್ಲಿ ವಿಮಾನವಿತ್ತು. ವೇಗ ಇಳಿಯುತ್ತಲೇ ಹೋಯಿತು. ಮಾರ್ಗದರ್ಶಕ ಯಂತ್ರವೊಂದನ್ನು ಎರಡು ಕಡೆಯೂ ಆರಿಸಿದ್ದರೆ ವೇಗ ತಾನಾಗಿ ನಿಯಂತ್ರಣಕ್ಕೆ ಬರುತ್ತಿತ್ತು. ಚಾಲಕರ ಕಡೆಯದು ಆರಿತ್ತು, ಪರೀಕ್ಷಕರ ಕಡೆಯದು ಆರಿರಲಿಲ್ಲ. ಎತ್ತರ 400, 300, 200 ಅಡಿಯೆಂದು ಯಂತ್ರವೇ ಕೂಗಿ ಹೇಳಿದರೂ ಇಂಜಿನಿನ ಹಿಡಿಗಳನ್ನು ಸಕಾಲದಲ್ಲಿ ಮುಂದೊತ್ತಲಿಲ್ಲ. ಪರಿಸ್ಥಿತಿಯ ಗಂಭೀರತೆಯನ್ನು ಇಬ್ಬರೂ ಅರಿಯದೆ ಹೋದುದೇ ಕಾರಣವೆಂದು ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರ ವಿಚಾರಣಾ ನ್ಯಾಯಾಲಯ ತೀರ್ಮಾನಿಸಿತು.

ಅಗಲಿದವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆ ಆಸನದ ಕಷ್ಟವನ್ನು ತಿಳಿಯುವುದೇ ಇಲ್ಲಿ ಮುಖ್ಯ. ಕಾಲೇಜಿನ ಪರೀಕ್ಷಕರಾದ ನಾವು ಹುಡುಗನ ತಪ್ಪನ್ನು ವಾರ ಕಳೆದಮೇಲೆ ಕೆಂಪು ಶಾಯಿಯಲ್ಲಿ ಗುರುತಿಸಿದರೂ ನಡೆಯುತ್ತದೆ. ಆಕಾಶದಲ್ಲಿ ಅಷ್ಟು ಸಮಯವೆಲ್ಲಿ? ಪರೀಕ್ಷಕನು ಒಂದೇ ವೇಳೆಯಲ್ಲಿ ಎರಡು ಕೆಲಸ ಮಾಡಬೇಕು: ಎದುರಿನವನ ಯೋಗ್ಯತೆಯನ್ನು ತೂಗುತ್ತ, ಸಹಚಾಲಕನ ಕರ್ತವ್ಯವನ್ನೂ ಮರೆಯದೆ ನಡೆಸಬೇಕು. ಪ್ರತಿಯೊಂದಕ್ಕೂ ಬಾಯಿಹಾಕಿದರೆ ಪರೀಕ್ಷೆ ವ್ಯರ್ಥ. ಕ್ಷಣಕಾಲ ತಡೆದರೆ ಪ್ರಾಣಕ್ಕೆ ಸಂಚಕಾರ. ಎಲ್ಲಿಯವರೆಗೆ ಸುಮ್ಮನಿರಬೇಕು, ಎಲ್ಲಿ ವಿಮಾನವನ್ನು ತನ್ನ ವಶಕ್ಕೆ ತೆಗೆದುಕೊಳ್ಳಬೇಕು ಎಂಬ ಗಡಿಯನ್ನು ಅವನು ಮೊದಲೇ ಮನಸ್ಸಿನಲ್ಲಿ ಹಾಕಿಕೊಂಡಿರಬೇಕು. ಇಂಜಿನು ನಿಂತುಹೋಗುವಂಥ ಅಪಾಯಗಳ ಪರೀಕ್ಷೆಯನ್ನು ನೆಲದ ಮೇಲಿನ ಸಿಮ್ಯುಲೇಟರ್ ಯಂತ್ರದಲ್ಲಿ ನಡೆಸುವುದೂ ಇದೇ ಕಾರಣದಿಂದ. ಅಲ್ಲಿ ತಪ್ಪನ್ನು ಕೊನೆಯವರೆಗೂ ಬಿಟ್ಟು ನೋಡಬಹುದು.

ಆದುದರಿಂದ ಈ ಹುದ್ದೆಗೆ ಆರಿಸುವವರು ಹಾರಾಟದ ಗಂಟೆಗಳನ್ನು ಎಣಿಸಿದರೆ ಸಾಲದು. ಸಮಚಿತ್ತವುಂಟೆ, ಸ್ನೇಹಿತನಾದರೂ ಅನುತ್ತೀರ್ಣನೆಂದು ಬರೆಯುವ ಧೈರ್ಯವುಂಟೆ, ತನ್ನ ಕಡೆಯ ಯಂತ್ರದ ಮೇಲೆಯೂ ಕಣ್ಣುಂಟೆ ಎಂಬುದನ್ನು ನೋಡಬೇಕು. ಪ್ರಯಾಣಿಕರಾದ ನಾವು ಈ ಪರೀಕ್ಷಕನ ಮುಖವನ್ನು ಕಾಣುವುದು ಅಪರೂಪ. ಆದರೆ ನಮ್ಮ ವಿಮಾನದ ಚಾಲಕನ ಅರ್ಹತೆಗೆ ರುಜು ಹಾಕಿದವನು ಅವನೇ.