ಚಾರ್ಜ್‌ಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದ್ರೆ ‘ಜುಂ’ ಅನ್ನುತ್ತಾ? ಅಡಾಪ್ಟರ್‌ನ ಬೈಯೋ ಮೊದಲು ಗೋಡೆ ಸಾಕೆಟ್ ನೋಡಿ

ಕೊಕ್ಕರೆ ಬೆಳ್ಳೂರು (ಮದ್ದೂರು ತಾ.): ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ, ಬರಿಗಾಲಲ್ಲಿ ಸಿಮೆಂಟ್ ನೆಲದ ಮೇಲೆ ಕೂತು ಕೈಯಿಟ್ಟರೆ ಇರುವೆ ಹರಿದಂಗೆ ಜುಂ ಜುಂ ಅನ್ನುತ್ತೆ. ಬೆರಳಲ್ಲಿ ಮೆಲ್ಲಗೆ ಸವರಿದರೆ ನುಣ್ಣಗಿರೋ ಲೋಹವೇ ದೊರಗಾಗಿ ನಡುಗಿದ ಹಾಗೆ. ಪಿನ್ ಕಿತ್ತರೆ ತಟ್ಟನೆ ನಿಲ್ಲುತ್ತೆ. ಚಪ್ಪಲಿ ಹಾಕ್ಕೊಂಡರೂ ಕಮ್ಮಿಯಾಗುತ್ತೆ. ಮನೆಯಿಂದಲೇ ಕಂಪನಿ ಕೆಲಸ ಮಾಡೋ ಹುಡುಗರು, ಜೆರಾಕ್ಸ್ ಅಂಗಡಿಯವರು, ಹಕ್ಕಿ ಫೋಟೊ ತೆಗೆಯೋಕೆ ಬಂದು ಊರಲ್ಲಿ ಲ್ಯಾಪ್‌ಟಾಪ್ ಬಿಚ್ಚೋರು, ಯಾರಿಗೆ ಬೇಕಾದರೂ ಇದು ಆಗಬಹುದು.

‘ಶಾಕ್ ಹೊಡೀತಿದೆ, ಲ್ಯಾಪ್‌ಟಾಪ್ ಕೆಟ್ಟಿದೆ’ ಅಂತ ಅಂಗಡಿಗೆ ಹೊತ್ತುಕೊಂಡು ಹೋಗೋದು ಮಾಮೂಲಿ. ಸಾಕಷ್ಟು ಸಲ ಕೆಟ್ಟಿರೋದು ಲ್ಯಾಪ್‌ಟಾಪ್ ಅಲ್ಲ.

ಜುಂ ಅನ್ನೋ ಕರೆಂಟ್ ಎಲ್ಲಿಂದ ಬರುತ್ತೆ?

ಗೋಡೆಯಲ್ಲಿ ಬರೋದು 230 ವೋಲ್ಟ್. ಅದನ್ನು ಅಡಾಪ್ಟರ್ ಸುಮಾರು 20 ವೋಲ್ಟ್‌ಗೆ ಇಳಿಸುತ್ತೆ. ಇದಕ್ಕಾಗಿ ಒಳಗೆ ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಲಾಗುತ್ತೆ. ಇಷ್ಟು ಜೋರಾಗಿ ಕತ್ತರಿಸಿದಾಗ ಎದ್ದ ಗದ್ದಲ ಪಕ್ಕದ ರೇಡಿಯೊ, ಟಿವಿಗೆ ತೊಂದರೆ ಕೊಡಬಾರದು ಅಂತ ಒಳಗೊಂದು ಪುಟ್ಟ ಕೆಪಾಸಿಟರ್ ಇಟ್ಟಿರ್ತಾರೆ. ಅದು ಗೋಡೆ ಕಡೆಯ ಭಾಗಕ್ಕೂ ಲ್ಯಾಪ್‌ಟಾಪ್ ಕಡೆಯ ಭಾಗಕ್ಕೂ ನಡುವೆ ಕೂತಿರುತ್ತೆ. ಗದ್ದಲ ಅಡಗುತ್ತೆ ನಿಜ, ಆದರೆ ಅದರ ಮೂಲಕ ಒಂದು ಚೂರು ಕರೆಂಟ್ ಲ್ಯಾಪ್‌ಟಾಪ್ ಮೈಗೂ ನುಸುಳುತ್ತೆ.

ಎಷ್ಟು ಚೂರು? 2.2 ನ್ಯಾನೊಫ್ಯಾರಡ್‌ನ ಕೆಪಾಸಿಟರ್ ಅಂತ ಇಟ್ಟುಕೊಂಡರೆ ನಮ್ಮ 230 ವೋಲ್ಟ್, 50 ಹರ್ಟ್ಸ್ ಲೈನಲ್ಲಿ ಹೆಚ್ಚೆಂದರೆ 0.16 ಮಿಲಿಆಂಪ್. ಹಳೇ 60 ವ್ಯಾಟ್ ಬಲ್ಬ್ ಎಳೆಯೋದು ಸುಮಾರು 260 ಮಿಲಿಆಂಪ್, ಅಂದರೆ ಇದಕ್ಕಿಂತ ಸಾವಿರದ ಆರುನೂರು ಪಟ್ಟು. ಹಿಡಿದ ಕೈ ಬಿಡಿಸಿಕೊಳ್ಳೋಕೆ ಆಗದ ಹಾಗೆ ಕಚ್ಚಿಕೊಳ್ಳಬೇಕಾದರೆ 10 ಮಿಲಿಆಂಪ್‌ನ ಆಸುಪಾಸು ಬೇಕು. ಇಂಥ ಎರಡು ಪಿನ್ ಸಾಧನಗಳಲ್ಲಿ ಸೋರಿಕೆ 0.25 ಮಿಲಿಆಂಪ್ ದಾಟಬಾರದು ಅಂತ ಸುರಕ್ಷತಾ ಮಾನದಂಡವೇ ಹೇಳುತ್ತೆ. ಹಾಗಾಗಿ ಒಳ್ಳೇ ಅಡಾಪ್ಟರ್‌ನ ಜುಂ ಕಿರಿಕಿರಿ ಅಷ್ಟೇ, ಪ್ರಾಣಕ್ಕೆ ಅಪಾಯ ಅಲ್ಲ.

ಅಮೆರಿಕದಿಂದ ಬಂದ ಮಗನ ಲ್ಯಾಪ್‌ಟಾಪ್ ಅಲ್ಲಿ ಸುಮ್ಮನಿದ್ದು ಇಲ್ಲಿ ಜುಂ ಅಂದರೆ ಅದಕ್ಕೂ ಕಾರಣ ಇದೇ. ಅಲ್ಲಿನ ಲೈನ್ 120 ವೋಲ್ಟ್, ಸೋರಿಕೆಯೂ ಕಮ್ಮಿ. ಪ್ಲಾಸ್ಟಿಕ್ ಮೈಯ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತಾಗೋದೇ ಕಷ್ಟ, ಅಲ್ಯೂಮಿನಿಯಂ ಮೈ ಆದರೆ ಕೂಡಲೇ ಗೊತ್ತಾಗುತ್ತೆ.

ಇನ್ನು ಬರಿಗಾಲಿನ ವಿಷಯ. ಕರೆಂಟ್ ಹರಿಯೋಕೆ ಹೋಗೋ ದಾರಿ ಬೇಕು. ಬೆಳ್ಳೂರಿನವರಿಗೆ ಇದನ್ನು ಬಿಡಿಸಿ ಹೇಳೋದೇ ಬೇಡ. ಒಂದೇ ತಂತಿ ಮೇಲೆ ಹಕ್ಕಿ ಆರಾಮಾಗಿ ಕೂರುತ್ತೆ. ಹೆಜ್ಜಾರ್ಲೆಯಂಥ ದೊಡ್ಡ ಹಕ್ಕಿಯ ರೆಕ್ಕೆ ಎರಡು ತಂತಿಗೆ ಒಟ್ಟಿಗೆ ತಾಗಿದರೆ ಮುಗೀತು. ಒದ್ದೆ ನೆಲದ ಮೇಲಿನ ಬರಿಗಾಲು ಆ ಎರಡನೇ ತಂತಿ ಇದ್ದ ಹಾಗೆ.

ಮೂರು ಪಿನ್ ಇದ್ದೂ ಜುಂ ಅಂದ್ರೆ ಎಚ್ಚರ

ಎರಡು ಪಿನ್ ಅಡಾಪ್ಟರ್‌ಗೆ ಅರ್ಥ್ ತಂತಿಯೇ ಇಲ್ಲ, ಸೋರಿದ ಕರೆಂಟ್‌ಗೆ ನಿಮ್ಮ ಕೈ ಬಿಟ್ಟರೆ ಬೇರೆ ದಾರಿ ಇಲ್ಲ. ಮನೆ ಅರ್ಥಿಂಗ್ ಎಷ್ಟೇ ಚೆನ್ನಾಗಿದ್ದರೂ ಅದು ಜುಂ ಅನ್ನಬಹುದು. ಮೂರು ಪಿನ್‌ನದ್ದು ಹಾಗಲ್ಲ. ಮೇಲಿನ ಉದ್ದ, ದಪ್ಪ ಪಿನ್ ಇರೋದೇ ಸೋರಿಕೆಯನ್ನು ಭೂಮಿಗೆ ಇಳಿಸೋಕೆ. ಅದಿದ್ದೂ ಮೈ ಜುಂ ಅಂದರೆ ಆ ಸಾಕೆಟ್‌ನಲ್ಲಿ ಅರ್ಥ್ ಇಲ್ಲ ಅಂತಲೇ ಮೊದಲು ಅನುಮಾನಿಸಬೇಕು. ಅಂದರೆ ಲ್ಯಾಪ್‌ಟಾಪ್ ನಿಮ್ಮ ಮನೆ ವೈರಿಂಗ್ ಬಗ್ಗೆ ಪುಕ್ಕಟೆ ದೂರು ಕೊಡ್ತಾ ಇದೆ.

ಈ ಭಾಗಕ್ಕೆ ಕರೆಂಟ್ ಹೊಸದಲ್ಲ. ಪಕ್ಕದ ಮಳವಳ್ಳಿ ತಾಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆದರೂ ಎಷ್ಟೋ ಹಳೇ ಮನೆ, ಅಂಗಡಿಗಳಲ್ಲಿ ಸಾಕೆಟ್‌ಗೆ ಮೂರು ತೂತು ಇರುತ್ತೆ, ಮೂರನೇ ತೂತಿನ ಹಿಂದೆ ತಂತಿ ಇರಲ್ಲ. ಇದ್ದರೂ ಹಸಿರು ತಂತಿ ಎಲ್ಲೋ ತುಂಡಾಗಿರುತ್ತೆ. ಇಲ್ಲಾ ಉಪ್ಪು, ಇದ್ದಿಲು ಹಾಕಿ ಮುಚ್ಚಿದ ಅರ್ಥ್ ಗುಂಡಿ ಬೇಸಿಗೆಯಲ್ಲಿ ಒಣಗಿ ಕೆಲಸ ಬಿಟ್ಟಿರುತ್ತೆ. ಮಣ್ಣಲ್ಲಿ ತೇವ ಇದ್ದರೇ ಅರ್ಥ್. ಗುಂಡಿಗೆ ಆಗಾಗ ನೀರು ಹಾಕಿ ಅಂತ ಹಳೇ ಎಲೆಕ್ಟ್ರಿಷಿಯನ್‌ಗಳು ಹೇಳೋದು ಸುಮ್ಮನೆ ಅಲ್ಲ.

ಅಂಗಡಿಯವರು ನೋಡಲೇಬೇಕಾದ್ದು ಎಕ್ಸ್‌ಟೆನ್ಷನ್ ಬಾಕ್ಸ್. ಎರಡೇ ಎಳೆ ವೈರಲ್ಲಿ ಮಾಡಿದ ಅಗ್ಗದ ಬಾಕ್ಸ್‌ಗೆ ಕಂಪ್ಯೂಟರ್, ಪ್ರಿಂಟರ್, ಲ್ಯಾಪ್‌ಟಾಪ್ ಮೂರನ್ನೂ ಸಿಗಿಸಿರ್ತಾರೆ. ಬಾಕ್ಸ್ ಒಳಗೆ ಅರ್ಥ್ ತೂತುಗಳು ಒಂದಕ್ಕೊಂದು ಸೇರಿದ್ದು, ಭೂಮಿಗೆ ಮಾತ್ರ ಸೇರಿಲ್ಲ ಅಂದರೆ ಮೂರರ ಸೋರಿಕೆಯೂ ಕೂಡಿ ನೀವು ಮುಟ್ಟಿದ ಒಂದರಲ್ಲಿ ಬರುತ್ತೆ. ಅದು ಇನ್ನೂ ಸಣ್ಣದೇ. ದೊಡ್ಡ ಭಯ ಬೇರೆ ಇದೆ. ಪ್ರಿಂಟರ್ ಒಳಗೆ ಫೇಸ್ ತಂತಿ ಕಿತ್ತು ಲೋಹದ ಭಾಗಕ್ಕೆ ತಾಗಿತು ಅನ್ನಿ. ಅರ್ಥ್ ಇದ್ದಿದ್ದರೆ ಫ್ಯೂಸ್ ಹೋಗಿ ಅಲ್ಲಿಗೇ ಮುಗೀತಿತ್ತು. ಇಲ್ಲದಿದ್ದರೆ ಕಂಪ್ಯೂಟರ್ ಕ್ಯಾಬಿನೆಟ್‌ಗೂ ಪೂರ್ತಿ 230 ವೋಲ್ಟ್ ಬಂದು ಕೂತಿರುತ್ತೆ, ಮುಟ್ಟಿದವರಿಗೇ ಗೊತ್ತಾಗೋದು.

ಇದಕ್ಕಿಂತ ಕೆಟ್ಟ ರಿಪೇರಿ ಒಂದಿದೆ. ಅರ್ಥ್ ಇಲ್ಲದ ಕಡೆ ಸಾಕೆಟ್ ಒಳಗೆ ನ್ಯೂಟ್ರಲ್‌ಗೂ ಅರ್ಥ್ ಪಿನ್‌ಗೂ ಒಂದು ತುಂಡು ವೈರ್ ಸೇರಿಸಿಬಿಡೋದು. ಜುಂ ನಿಲ್ಲುತ್ತೆ, ಮಾಲೀಕರು ಖುಷಿ. ಆದರೆ ಎಲ್ಲಾದರೂ ನ್ಯೂಟ್ರಲ್ ತಂತಿ ಕಳಚಿದರೆ, ಸ್ವಿಚ್ ಹಾಕಿದ ಸಾಧನದ ಮೂಲಕವೇ ಫೇಸ್ ಬಂದು ಲೋಹದ ಮೈಯೆಲ್ಲಾ ಕರೆಂಟ್ ಆಗುತ್ತೆ. ಯಾರಾದರೂ ಹೀಗೆ ಮಾಡಿಕೊಟ್ಟಿದ್ದರೆ ಇವತ್ತೇ ಬಿಚ್ಚಿಸಿ. ಟೂ ಪಿನ್ ಸಾಕೆಟ್‌ಗೆ ಹಿಡಿಸಲಿ ಅಂತ ಮೇಲಿನ ಪಿನ್ ಮುರಿದು ಹಾಕೋದೂ ಬೇಡ.

ಟೆಸ್ಟರ್ ಉರಿದರೆ?

ಲ್ಯಾಪ್‌ಟಾಪ್ ಮೈಗೆ ಟೆಸ್ಟರ್ ಇಟ್ಟರೆ ಉರಿಯುತ್ತೆ, ಮನೆಮಂದಿ ಹೆದರ್ತಾರೆ. ಟೆಸ್ಟರ್‌ನ ನಿಯಾನ್ ದೀಪಕ್ಕೆ ಅತಿ ಸಣ್ಣ ಕರೆಂಟ್ ಸಾಕು, ಸೋರಿಕೆಗೂ ಉರಿಯುತ್ತೆ, ನಿಜವಾದ ಫಾಲ್ಟ್‌ಗೂ ಉರಿಯುತ್ತೆ. ಎರಡರ ವ್ಯತ್ಯಾಸ ಅದಕ್ಕೆ ಗೊತ್ತಾಗಲ್ಲ. ಕೈ ಎಸೆದಂಗೆ ಹೊಡೆತ ಬಂದರೆ, ಅಡಾಪ್ಟರ್ ಸುಟ್ಟ ವಾಸನೆ ಬಂದರೆ, ವೈರ್ ಸಿಪ್ಪೆ ಕಿತ್ತಿದ್ದರೆ ಅದು ಜುಂ ಅಲ್ಲ. ಮೊದಲು ಗೋಡೆಯ ಸ್ವಿಚ್ ಆರಿಸಿ, ಆಮೇಲೆ ಪಿನ್ ಕೀಳಿ, ಮತ್ತೆ ಹಾಕಬೇಡಿ.

ಅಡಾಪ್ಟರ್ ಅಸಲಿಯೋ ಅಂತ ನೋಡೋಕೆ ಹಿಂದಿನ ಸಣ್ಣ ಅಕ್ಷರ ಓದಿ. ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಪರೀಕ್ಷಿಸಬಹುದು. ಒಂದರೊಳಗೊಂದು ಚೌಕದ ಚಿತ್ರ ಇದ್ದರೆ ಅದು ಡಬಲ್ ಇನ್ಸುಲೇಷನ್‌ನದ್ದು, ಅರ್ಥ್ ಬೇಡದ್ದು. ಗುರುತೇ ಇಲ್ಲದ ಅಗ್ಗದ ಅಡಾಪ್ಟರ್‌ನಲ್ಲಿ ಯಾವ ಕೆಪಾಸಿಟರ್ ಹಾಕಿದ್ದಾರೋ ದೇವರಿಗೇ ಗೊತ್ತು. ಮೇಲೆ ಹೇಳಿದ 0.16 ಲೆಕ್ಕ ಅದಕ್ಕೆ ಅನ್ವಯಿಸಲ್ಲ.

ಸಾಕೆಟ್ ಪರೀಕ್ಷೆ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೆಲಸ, ಮನೆಯವರು ಕೈ ಹಾಕಬಾರದು. ಅವರು ಫೇಸ್–ನ್ಯೂಟ್ರಲ್ ನಡುವೆ ಬಲ್ಬ್ ಹಚ್ಚಿ, ಆಮೇಲೆ ಫೇಸ್–ಅರ್ಥ್ ನಡುವೆ ಹಚ್ಚಿ ನೋಡ್ತಾರೆ. ಎರಡನೆಯದು ಮಂಕಾದರೆ ಅರ್ಥ್ ಸರಿಯಿಲ್ಲ, ಹತ್ತದೇ ಇದ್ದರೆ ಅರ್ಥೇ ಇಲ್ಲ. ಹೇಗೂ ಬಂದಿರ್ತಾರೆ, 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿಕೊಂಡರೆ ಒಳ್ಳೇದು. ಲ್ಯಾಪ್‌ಟಾಪ್ ಬೆಲೆ ಮುಂದೆ ಅದರದ್ದು ಪುಡಿಗಾಸು. ಜುಂ ಅನ್ನೋ ಸಣ್ಣ ಸೋರಿಕೆಗೆ ಅದು ಬೀಳಲ್ಲ, ಮನುಷ್ಯನ ಮೈಮೇಲೆ ದೊಡ್ಡ ಕರೆಂಟ್ ಹರಿದರೆ ಕಣ್ಣು ಮಿಟುಕಿಸೋದರೊಳಗೆ ಲೈನ್ ಕತ್ತರಿಸುತ್ತೆ.

ಮೀಟರ್‌ನಿಂದ ಒಳಗಿನ ವೈರಿಂಗ್, ಅರ್ಥಿಂಗ್ ಮಾಲೀಕರದ್ದೇ ಹೊಣೆ. ಕಂಬದ ಕಡೆ ನ್ಯೂಟ್ರಲ್ ಸಡಿಲವಾಗಿ ಬಲ್ಬ್‌ಗಳು ಒಮ್ಮೆ ಜೋರು, ಒಮ್ಮೆ ಮಂಕು ಆಗ್ತಿದ್ದರೆ ಸೆಸ್ಕ್ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು.